ಪಪೈನ್‌ನಿಂದ ಪೆಪ್ಟೈಡ್: ಗ್ಲುಟಾಮೇಟ್ ಸರದಿ

ಪಪೈನ್ ಕಿಣ್ವದಿಂದ ಅಮೈನೋ ಆಮ್ಲಗಳನ್ನು ಪೆಪ್ಟೈಡ್ ಸರಪಳಿಯಾಗಿ ಹೆಣೆಸುವ ಪ್ರಯೋಗದಲ್ಲಿ, ಹಿಂದೆ ಬಳಸಿದ್ದ ಲ್ಯೂಸಿನ್ ಬದಿಗಿಟ್ಟು ಈ ಸಲ ಎಲ್-ಗ್ಲುಟಾಮಿಕ್ ಆಮ್ಲದ ಡೈಈಥೈಲ್ ಎಸ್ಟರ್ (ಅದರ ಎರಡೂ ಆಮ್ಲದ ತುದಿಗೆ ಈಥೈಲ್ ಗುಂಪು ಕಟ್ಟಿದ ರೂಪ) ಕೈಗೆತ್ತಿಕೊಂಡೆ. ಲ್ಯೂಸಿನ್ ಸರಪಳಿ ಸಲೀಸಾಗಿ ಆಗುತ್ತಿತ್ತು ನಿಜ, ಆದರೆ ನೀರಿನಲ್ಲಿ ಕರಗದ ಆ ಪುಡಿಯನ್ನು ಇಟ್ಟುಕೊಂಡು ಮಾಡುವುದೇನು? ನನಗೆ ಬೇಕಿರುವುದು ಮೂಳೆಯ ಖನಿಜಕ್ಕೆ ಅಂಟುವ, ಕ್ಯಾಲ್ಸಿಯಂ ಹಿಡಿಯುವ ಲೇಪನ.

ಪಪೈನ್ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಅದರಿಂದ ಹೆಣೆಸುವ ಉಪಾಯವೂ ಹೊಸದಲ್ಲ, 1930ರ ದಶಕದಲ್ಲೇ ರಸಾಯನವಿಜ್ಞಾನಿ ಬರ್ಗ್‌ಮನ್ ಅವರ ತಂಡ ತೋರಿಸಿಕೊಟ್ಟಿತ್ತು. ಕಿಣ್ವದ 25ನೇ ಸ್ಥಾನದ ಸಿಸ್ಟೀನ್ ಎಸ್ಟರಿನಿಂದ ಎಥನಾಲ್ ಕಳಚಿ ಅಮೈನೋ ಆಮ್ಲವನ್ನು ತನಗೇ ಅಂಟಿಸಿಕೊಳ್ಳುತ್ತದೆ. ಅಲ್ಲಿಂದ ಅದನ್ನು ಬಿಡಿಸಿಕೊಳ್ಳಲು ಪೈಪೋಟಿ. ಮತ್ತೊಂದು ಎಸ್ಟರಿನ ಅಮೈನ್ (ಸಾರಜನಕದ ತುದಿ) ಗೆದ್ದರೆ ಸರಪಳಿಗೆ ಒಂದು ಕೊಂಡಿ ಸೇರುತ್ತದೆ, ನೀರು ಗೆದ್ದರೆ ಅಲ್ಲಿಗೆ ಮುಗಿಯಿತು. ನೀರು ಲೀಟರಿಗೆ ಸುಮಾರು 55 ಮೋಲ್ ಇರುವಾಗ ಎಸ್ಟರನ್ನು ಚಮಚೆಯಲ್ಲಿ ಹಾಕಿ ಪ್ರಯೋಜನವಿಲ್ಲ; 1 ಮೋಲಾರ್ ಹತ್ತಿರ ಇಟ್ಟೆ. ಫಾಸ್ಫೇಟ್ ಬಫರ್, ಪಿಎಚ್ 8ರ ಆಸುಪಾಸು, 40 ಡಿಗ್ರಿ.

ದ್ರಾವಣ ಮೊದಲು ಮಬ್ಬಾಯಿತು, ಆಮೇಲೆ ಬಿಳಿ ಗಸಿ ಇಳಿಯಿತು. ಕಿಣ್ವ ಹಾಕದ ನಳಿಕೆ ತಿಳಿಯಾಗಿಯೇ ಉಳಿದಿದ್ದರಿಂದ ನಂಬಿಕೆ ಬಂತು. ಗಸಿ ಇಳಿಯುವುದೇ ಇಲ್ಲಿ ನಮ್ಮ ಪುಣ್ಯ: ತಳ ಸೇರಿದ ಸರಪಳಿಯನ್ನು ಪಪೈನ್ ಮತ್ತೆ ಕತ್ತರಿಸುವುದು ಕಷ್ಟ. ಹಾಗೆಂದು ರಾತ್ರಿಯಿಡೀ ಬಿಟ್ಟರೆ ದ್ರಾವಣದಲ್ಲಿ ಉಳಿದದ್ದನ್ನೆಲ್ಲ ನೀರು ನುಂಗುತ್ತದೆ, ಪಿಎಚ್ ಕೂಡ ಇಳಿಯುತ್ತದೆ. ಇನ್ನೊಂದು ಎಚ್ಚರ: ಎಸ್ಟರನ್ನು ಬಫರಿಗೆ ಹಾಕಿಟ್ಟು ಕಿಣ್ವ ತೂಗಲು ಹೋಗಬೇಡಿ. ಎಸ್ಟರ್ ತನ್ನಷ್ಟಕ್ಕೆ ಉಂಗುರದಂತೆ ಸುತ್ತಿಕೊಂಡು ಪೈರೋಗ್ಲುಟಮೇಟ್ ಆಗಿಬಿಡಬಹುದು.

ಅಣುಗಳ ತೂಕ ಅಳೆಯುವ ಮಾಲ್ಡಿ ಯಂತ್ರದಲ್ಲಿ ಶಿಖರಗಳು 157 ಡಾಲ್ಟನ್ (ಅಣುತೂಕದ ಮಾನ) ಅಂತರದಲ್ಲಿ ಸಾಲುಗಟ್ಟಿವೆ. ಒಂದು ಗ್ಲುಟಾಮೇಟ್ ಕೊಂಡಿ 129, ಪಾರ್ಶ್ವದ ಈಥೈಲ್‌ನಿಂದ 28. ಅಂದರೆ ಪಾರ್ಶ್ವದ ಎಸ್ಟರನ್ನು ಕಿಣ್ವ ಮುಟ್ಟಿಲ್ಲ, ಅದನ್ನು ಕಾಪಾಡಲು ಬೇರೆ ರಕ್ಷಣಾ ಗುಂಪು ಕಟ್ಟುವ ರಗಳೆಯೇ ಬೇಕಾಗಲಿಲ್ಲ. ಎಂಟು, ಒಂಬತ್ತು ಕೊಂಡಿಯವೇ ಹೆಚ್ಚು.

ಸರಪಳಿಗಳ ಉದ್ದ ಒಂದೇ ಸಮ ಇಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಬೇಕಾದ ಅನುಕ್ರಮ ಬೇಕಾದ ಉದ್ದಕ್ಕೆ ಬೇಕೆಂದರೆ ರಸಾಯನವಿಜ್ಞಾನಿ ಮೆರಿಫೀಲ್ಡ್ 1963ರಲ್ಲಿ ಕೊಟ್ಟ, ಘನ ಕಣದ ಮೇಲೆ ಒಂದೊಂದೇ ಕೊಂಡಿ ಸೇರಿಸುವ ಘನಹಂತ ವಿಧಾನಕ್ಕೇ ಹೋಗಬೇಕು. ಲೇಪನಕ್ಕೆ ಈ ಮಿಶ್ರಣ ಸಾಕು ಎಂದು ನನ್ನ ಲೆಕ್ಕ.

ಮುಂದೆ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಈಥೈಲ್ ತೆಗೆದು, ಮೂಳೆಯ ಖನಿಜದಂಥ ಹೈಡ್ರಾಕ್ಸಿಅಪಟೈಟ್ ಪುಡಿಯ ಮೇಲೆ ಎಷ್ಟು ಅಂಟುತ್ತದೆ ಎಂದು ಅಳೆಯಬೇಕು. ತೊಳೆದ ಗಸಿ ಈಗ ಒಣಗುತ್ತಿದೆ.