ಟಿವಿ ಬೆಲೆಯ ಲೆಕ್ಕ: ಪಕ್ಕದ ಸಂಚಿಕೆ ಕೈಹಿಡಿಯಿತು

ಕೊನೆಗೂ ನನ್ನ ಕಾಮಿಕ್ಸ್ ಬೆಲೆಯ ಗ್ರಾಫ್‌ನ ಗೆರೆ ಏನೋ ಹೇಳುತ್ತಿದೆ. ಇಷ್ಟು ದಿನ ಅದು ಸುಮ್ನೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಯಾಕೆ ಅಂತ ಕೇಳಿದರೆ ಉತ್ತರ ಇರಲಿಲ್ಲ. ಪಟ್ಟಿ ಮಾಡುವುದು, ಫೋಟೋ ಇಳಿಸಿಕೊಳ್ಳುವುದು, ಗ್ರೇಡ್ (ಪ್ರತಿ ಎಷ್ಟು ಚೆನ್ನಾಗಿದೆ ಅನ್ನುವ ದರ್ಜೆ) ಪ್ರಕಾರ ವಿಂಗಡಿಸುವುದು ಎಲ್ಲ ನಿಮಗೂ ಗೊತ್ತಿರುವ ಕೆಲಸವೇ. ಅದನ್ನು ಬಿಡುತ್ತೇನೆ. ಈ ಸಲ ಪೂರ್ತಿ ಒಂದೇ ತಲೆನೋವಿನ ಕಥೆ. ಆ ತಲೆನೋವಿನ ಹೆಸರು 2021.

ವಿಷಯ ಇಷ್ಟೇ. ಕಾಮಿಕ್ಸ್‌ನ ಪಾತ್ರವೊಂದು ಟಿವಿಗೆ ಬಂದರೆ ಆ ಪಾತ್ರ ಮೊದಲು ಕಾಣಿಸಿಕೊಂಡ ಸಂಚಿಕೆಯ ಬೆಲೆ ಏರುತ್ತೆ ಅಂತ ನಾವೆಲ್ಲ ಹೇಳುತ್ತೇವೆ. ಯಾವಾಗ ಏರುತ್ತೆ? ಎಷ್ಟು ಕಾಲ ನಿಲ್ಲುತ್ತೆ? ಇದನ್ನು ಎಕ್ಸೆಲ್ ಹಾಳೆಯಲ್ಲಿ ಹಿಡಿಯಬೇಕು ಅನ್ನುವುದು ನನ್ನ ಹಟ. ನಾನು ಆರಿಸಿಕೊಂಡ ಪುಸ್ತಕ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಫೆಂಟಾಸ್ಟಿಕ್ ಫೋರ್‌ನ 94ನೇ ಸಂಚಿಕೆ. ಜನವರಿ 1970ರದ್ದು, ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಮಾಡಿದ್ದು. ಅಗಾಥಾ ಹಾರ್ಕ್ನೆಸ್ ಅನ್ನುವ ಮಾಟಗಾತಿ ಮೊದಲು ಬಂದದ್ದು ಇದರಲ್ಲೇ. ಮಗು ನೋಡಿಕೊಳ್ಳುವ ಅಜ್ಜಿಯಾಗಿ ಬರುತ್ತಾಳೆ. ಐವತ್ತು ವರ್ಷ ಇವಳನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಆಮೇಲೆ 2021ರ ಜನವರಿ 15ಕ್ಕೆ ವಾಂಡಾವಿಷನ್ ಅನ್ನುವ ಸರಣಿ ಶುರುವಾಯಿತು. ಫೆಬ್ರವರಿ 19ರ ಏಳನೇ ಕಂತಿನಲ್ಲಿ ಪಕ್ಕದ ಮನೆ ಹೆಂಗಸೇ ಅಗಾಥಾ ಅಂತ ಬಯಲಾಯಿತು. ಮಿಕ್ಕಿದ್ದು ನಿಮಗೆ ಗೊತ್ತು. ಅರ್ಧ ಡಾಲರ್ ಡಬ್ಬದಿಂದ ಎತ್ತಿಕೊಂಡವರೆಲ್ಲ ಮೀಸೆ ತಿರುವಿದರು.

ಆದರೆ ಅದೇ ವರ್ಷ ಏನೆಲ್ಲ ಏರಿತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಕ್ರೀಡಾ ಕಾರ್ಡು, ಪೋಕೆಮಾನ್ ಕಾರ್ಡು, ಹಳೆಯ ವಿಡಿಯೋ ಗೇಮು, ಕಾಮಿಕ್ಸ್. ಜನ ಮನೆಯಲ್ಲಿ ಕೂತಿದ್ದರು, ಕೈಯಲ್ಲಿ ಫೋನಿತ್ತು, ಖರ್ಚು ಮಾಡೋಕೆ ಬೇರೆ ದಾರಿ ಇರಲಿಲ್ಲ. 2022ರ ಹೊತ್ತಿಗೆ ಎಲ್ಲ ಇಳಿಯತೊಡಗಿತು. ಹಾಗಾದರೆ 94 ಏರಿದ್ದು ಅಗಾಥಾಳಿಂದಲೋ, 2021ರಿಂದಲೋ? ಇಳಿದದ್ದು ಸರಣಿ ಮುಗಿದದ್ದಕ್ಕೋ, ಇಡೀ ಸಂತೆಯೇ ಇಳಿದದ್ದಕ್ಕೋ? ನನ್ನ ಗೆರೆ ಇದಕ್ಕೆ ಉತ್ತರ ಕೊಡದೆ ಸತಾಯಿಸುತ್ತಿತ್ತು.

ವಾಕಿಂಗ್ ಡೆಡ್ ಅನ್ನುವ ಜೊಂಬಿ ಕಾಮಿಕ್ಸ್ ನಮ್ಮನ್ನೆಲ್ಲ ಕೆಡಿಸಿಬಿಟ್ಟಿದೆ ಅನ್ನುವುದು ನನ್ನ ಅನುಮಾನ. ಅದರ 1ನೇ ಸಂಚಿಕೆ 2003ರ ಅಕ್ಟೋಬರ್‌ನದ್ದು. ಅಚ್ಚಾದದ್ದು ಸುಮಾರು 7,300 ಪ್ರತಿ ಮಾತ್ರ. ಟಿವಿ ಸರಣಿ 2010ರ ಅಕ್ಟೋಬರ್ 31ಕ್ಕೆ ಬಂತು, 2022ರ ತನಕ 11 ಸೀಸನ್ ಓಡಿತು. ಪುಸ್ತಕ ಕಡಿಮೆ, ನೋಡುವವರು ಕೋಟಿಗಟ್ಟಲೆ. ಬೆಲೆ ಏರದೆ ಇನ್ನೇನಾಗುತ್ತೆ? ಅಲ್ಲಿ ಲೆಕ್ಕ ಹಾಕೋಕೆ ಬುದ್ಧಿಯೇ ಬೇಡ. ಅದೇ ಸರಣಿಯ 100ನೇ ಸಂಚಿಕೆ ನೋಡಿ. ನೆಗನ್ ಅನ್ನುವ ಖಳ ಮೊದಲು ಬಂದದ್ದು ಅದರಲ್ಲಿ, 2012ರ ಜುಲೈ. ಟಿವಿಯಲ್ಲಿ ಅವನು 2016ರಲ್ಲಿ ಬ್ಯಾಟು ಹಿಡಿದು ನಿಂತಾಗ ಜಗತ್ತೇ ಬೆಚ್ಚಿತು. ಆದರೆ 100ನೇ ಸಂಚಿಕೆ ಅಂಗಡಿಗಳಿಗೆ ಹೋದದ್ದೇ 3.8 ಲಕ್ಷಕ್ಕೂ ಜಾಸ್ತಿ ಪ್ರತಿ. ಎಲ್ಲವೂ ಬಿಸಿಬಿಸಿ ಇರುವಾಗಲೇ ಬ್ಯಾಗಿಗೆ (ಕಾಪಾಡಿ ಇಡುವ ಪ್ಲಾಸ್ಟಿಕ್ ಚೀಲಕ್ಕೆ) ಹೋಗಿದ್ದವು. ಬೆಲೆ ಎಲ್ಲಿಂದ ಬರಬೇಕು? ಟಿವಿ ಒಂದೇ, ಪಾತ್ರವೂ ದೊಡ್ಡದೇ. ವ್ಯತ್ಯಾಸ ಇರುವುದು ಗೋದಾಮಿನಲ್ಲಿ.

ಸರಿ, 94ಕ್ಕೆ ಬರೋಣ. ಪರಿಹಾರ ಕಾಗದದ ಮೇಲೆ ಸುಲಭವಾಗಿತ್ತು. 94ನ್ನು 93ರ ಜೊತೆ ಹೋಲಿಸುವುದು. 93 ಡಿಸೆಂಬರ್ 1969ರದ್ದು. ಅದೇ ಲೇಖಕ, ಅದೇ ಚಿತ್ರಕಾರ, ಅದೇ 15 ಸೆಂಟ್ ಬೆಲೆ. ಆದರೆ ಟಿವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಸಂತೆ ಏರಿದರೆ ಎರಡೂ ಏರಬೇಕು. 94 ಮಾತ್ರ ಏರಿದರೆ ಅದು ಟಿವಿಯದ್ದು. ಹಾಗಾಗಿ ಬೆಲೆಯನ್ನು ಬರೆದುಕೊಳ್ಳುವ ಬದಲು 94ನ್ನು 93ರಿಂದ ಭಾಗಿಸಿ ಬರೆದುಕೊಳ್ಳಬೇಕು. ಟಿವಿಯಲ್ಲಿ ಪಕ್ಕದ ಮನೆಯವಳಾಗಿ ಬಂದವಳ ಲೆಕ್ಕಕ್ಕೆ ಪಕ್ಕದ ಸಂಚಿಕೆಯೇ ಬೇಕಾಯಿತು ನೋಡಿ.

ಇಲ್ಲೊಂದು ಕೊಸರು ಇದೆ. ಫೆಂಟಾಸ್ಟಿಕ್ ಫೋರ್‌ನ ದಂಪತಿ ರೀಡ್ ಮತ್ತು ಸ್ಯೂ ಅವರ ಮಗುವಿಗೆ ಫ್ರಾಂಕ್ಲಿನ್ ಅಂತ ಹೆಸರಿಟ್ಟದ್ದು ಕೂಡ 94ರಲ್ಲೇ. ಮಗು ಹುಟ್ಟಿದ್ದು 1968ರ ವಾರ್ಷಿಕ ಸಂಚಿಕೆಯಲ್ಲಿ. ಹೆಸರಿಗೆ ಮಾತ್ರ ಅಷ್ಟು ಕಾಯಬೇಕಾಯಿತು. ನಮ್ಮಲ್ಲಾಗಿದ್ದರೆ ಹನ್ನೊಂದನೇ ದಿನಕ್ಕೆ ತೊಟ್ಟಿಲು ಕಟ್ಟಿ ಮುಗಿಸುತ್ತಿದ್ದರು. ಹಾಗಾಗಿ 94ಕ್ಕೆ ಟಿವಿಗೆ ಮೊದಲೂ 93ಕ್ಕಿಂತ ಸ್ವಲ್ಪ ಜಾಸ್ತಿ ಬೆಲೆ ಇತ್ತು. ಅದು ಪರವಾಗಿಲ್ಲ. ನಮಗೆ ಬೇಕಾದದ್ದು ಆ ಜಾಸ್ತಿ ಎಷ್ಟು ಬದಲಾಯಿತು ಅನ್ನುವುದು. ಆದರೆ 2025ರ ಫೆಂಟಾಸ್ಟಿಕ್ ಫೋರ್ ಸಿನಿಮಾದಲ್ಲಿ ಫ್ರಾಂಕ್ಲಿನ್ ಹುಟ್ಟಿಬಿಟ್ಟ. ಅಲ್ಲಿಂದಾಚೆಗೆ ಅಗಾಥಾಳ ಪಾಲೆಷ್ಟು, ಮಗುವಿನ ಪಾಲೆಷ್ಟು ಅಂತ ಬಿಡಿಸೋಕಾಗಲ್ಲ. ನನ್ನ ಹಾಳೆಯನ್ನು 2024ಕ್ಕೇ ನಿಲ್ಲಿಸಿದ್ದೇನೆ.

ಉಪಾಯ ಚೆನ್ನಾಗಿತ್ತು. ಕೆಲಸ ಮಾಡಲಿಲ್ಲ.

ಯಾಕೆಂದರೆ 93ನ್ನು ಹೆಚ್ಚು ಜನ ಸ್ಲ್ಯಾಬ್ ಮಾಡಿಸುವುದಿಲ್ಲ, ಅಂದರೆ ಸಿಜಿಸಿಯಂಥ ಕಂಪನಿಗೆ ಕಳಿಸಿ, ಹತ್ತಕ್ಕೆ ಇಷ್ಟು ಅಂತ ಗ್ರೇಡ್ ಹಾಕಿಸಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಸುವುದಿಲ್ಲ. 94 ಸಿಜಿಸಿ 9.4, 9.6 ಅಂತ ಹುಡುಕಿದರೆ ಮಾರಾಟಗಳು ಸಾಲುಗಟ್ಟಿ ಬರುತ್ತವೆ. 93ಕ್ಕೆ ಹುಡುಕಿದರೆ ಮರುಭೂಮಿ. ಗ್ರೇಡಿಂಗ್ ಶುಲ್ಕ, ಹೋಗಿಬರುವ ಅಂಚೆ, ವಿಮೆ ಎಲ್ಲ ಸೇರಿಸಿದರೆ ಸಾಧಾರಣ ಪ್ರತಿಯ ಬೆಲೆಗಿಂತ ಖರ್ಚೇ ಜಾಸ್ತಿ. ಯಾವ ಪುಣ್ಯಾತ್ಮ ಮಾಡಿಸುತ್ತಾನೆ? ವರ್ಷಕ್ಕೆ ಒಂದೆರಡು ಮಾರಾಟ ಇಟ್ಟುಕೊಂಡು ಭಾಗಾಕಾರ ಮಾಡಿದರೆ ಬರುವುದು ಗ್ರಾಫ್ ಅಲ್ಲ, ರಂಗೋಲಿ.

ಸ್ಲ್ಯಾಬ್‌ಗಳಲ್ಲಿ ಇನ್ನೊಂದು ಕಿರಿಕಿರಿ ಇದೆ. ಟಿವಿ ಸುದ್ದಿ ಬಂದ ಕೂಡಲೇ ಅಟ್ಟದ ಮೇಲಿದ್ದ ಪ್ರತಿಗಳೆಲ್ಲ ಪ್ರೆಸ್ ಆಗಿ (ಒತ್ತಿ ಮಡಿಕೆ ತೆಗೆಸಿಕೊಂಡು) ಸಿಜಿಸಿಗೆ ಹೊರಡುತ್ತವೆ. ಕೆಲವು ತಿಂಗಳ ನಂತರ ಸೆನ್ಸಸ್ (ಯಾವ ಗ್ರೇಡ್‌ನಲ್ಲಿ ಎಷ್ಟು ಪ್ರತಿ ಇವೆ ಅನ್ನುವ ಸಿಜಿಸಿ ಲೆಕ್ಕ) ತೆಗೆದು ನೋಡಿದರೆ ಮೇಲಿನ ಗ್ರೇಡ್‌ಗಳ ಸಂಖ್ಯೆ ಉಬ್ಬಿರುತ್ತೆ. ಆ ಪ್ರತಿಗಳು ವಾಪಸ್ ಬಂದು ಹರಾಜಿಗೆ ಬೀಳುವ ಹೊತ್ತಿಗೆ ಸರಿಯಾಗಿ ಸರಣಿ ಪ್ರಸಾರ ಆಗುತ್ತಿರುತ್ತೆ. ಅಂದರೆ ಜನ ಟಿವಿ ನೋಡಿ ಕೊಳ್ಳೋಕೆ ಬರುವಾಗಲೇ ಮಾರುವವರ ಸಾಲೂ ಉದ್ದವಾಗಿರುತ್ತೆ. ಪ್ರಸಾರದ ವಾರದಲ್ಲಿ ಬೆಲೆ ಇಳಿಯುವುದನ್ನು ನೋಡಿ "ಸರಣಿ ಚೆನ್ನಾಗಿಲ್ಲ ಅನಿಸುತ್ತೆ" ಅನ್ನುವವರಿದ್ದಾರೆ. ಸರಣಿ ಚೆನ್ನಾಗಿದ್ದರೂ ಇಳಿಯುತ್ತೆ ಸ್ವಾಮಿ.

ಹಾಗಾಗಿ ಸ್ಲ್ಯಾಬ್ ಬಿಟ್ಟು ರಾ ಪ್ರತಿಗಳಿಗೆ, ಅಂದರೆ ಸ್ಲ್ಯಾಬ್ ಆಗದವಕ್ಕೆ, ಇಳಿದೆ. ವಿಜಿ (ವೆರಿ ಗುಡ್) ಗ್ರೇಡ್‌ನಿಂದ ಅದಕ್ಕಿಂತ ಮೇಲಿನ ಫೈನ್ ತನಕ, ಓದಿ ಮಡಚಿಟ್ಟ ಸಾಧಾರಣ ಪ್ರತಿಗಳು. ಇಲ್ಲಿ 93 ಧಾರಾಳವಾಗಿ ಸಿಗುತ್ತೆ. ಆದರೆ ಗ್ರೇಡ್ ಹಾಕುವುದು ಮಾರುವವನೇ. ಒಬ್ಬನ ಫೈನ್ ಇನ್ನೊಬ್ಬನ ಗುಡ್. 94ಕ್ಕೆ ಬೇಡಿಕೆ ಬಂದ ಮೇಲಂತೂ ಅದೇ ಮನುಷ್ಯ ಅದೇ ಮಡಿಕೆಗೆ "ತಯಾರಿಕೆಯಲ್ಲೇ ಬಂದದ್ದು" ಅಂತ ಬರೆಯತೊಡಗುತ್ತಾನೆ. ಇನ್ನು ಚೌಕಾಸಿ ಮಾಡಿ ಮುಗಿಸಿದ ಮಾರಾಟಗಳಲ್ಲಿ ಕೇಳಿದ ಬೆಲೆಗೆ ಅಡ್ಡಗೆರೆ ಎಳೆದಿರುತ್ತೆ, ಕೊಟ್ಟ ಬೆಲೆ ಕಾಣುವುದೇ ಇಲ್ಲ. ಅಂಥ ಸಾಲುಗಳನ್ನೆಲ್ಲ ಕಿತ್ತು ಹಾಕಿದೆ. ಹಿಂಬದಿ ರಕ್ಷಾಪುಟದ ಫೋಟೋ ಇಲ್ಲದವನ್ನೂ ಕಿತ್ತೆ. ಉಳಿದದ್ದಕ್ಕೆ ನಾನೇ ಕೂತು ಗ್ರೇಡ್ ಹಾಕಿದೆ: ಸ್ಪೈನ್ (ಪುಸ್ತಕದ ಬೆನ್ನು) ಮೇಲಿನ ಗೆರೆಗಳು, ಮೂಲೆ, ಸ್ಟೇಪಲ್ ಸುತ್ತ ತುಕ್ಕಿನ ಕಲೆ. ಆದರೂ ಗೆರೆ ಕುಣಿಯುತ್ತಲೇ ಇತ್ತು.

ಬಾಗಿಲು ತೆರೆದದ್ದು ಒಂದು ಜೊತೆಯಿಂದ. 93 ಮತ್ತು 94 ಎರಡನ್ನೂ ಒಬ್ಬನೇ ಮಾರಾಟಗಾರನಿಂದ ತರಿಸಿದ್ದೆ. ಬಿಚ್ಚಿ ಮೇಜಿನ ಮೇಲೆ ಇಟ್ಟಾಗ ಎರಡರ ಮೇಲೂ ಒಂದೇ ಕೈಬರಹದ ಪೆನ್ಸಿಲ್ ತಾರೀಕು. ಅಮೆರಿಕದ ಅಂಗಡಿಯವರು ಪುಸ್ತಕ ಬಂದ ದಿನ ರಕ್ಷಾಪುಟದ ಮೂಲೆಯಲ್ಲಿ ಬರೆಯುತ್ತಿದ್ದದ್ದು. ಎರಡರ ಅಂಚೂ ಒಂದೇ ಥರ ಕಂದು ತಿರುಗಿದೆ. ಎರಡರ ಕೆಳಗಿನ ಸ್ಟೇಪಲ್ ಬಳಿಯೂ ಒಂದೇ ಥರದ ಸಣ್ಣ ಸೀಳು. ಒಬ್ಬನೇ ಕೊಂಡು, ಒಂದೇ ಡಬ್ಬದಲ್ಲಿ, ಐವತ್ತು ವರ್ಷ ಇಟ್ಟಿದ್ದಾನೆ. ಬೆಂಗಳೂರಿನ ಮಳೆಗಾಲ ಕಾಣದ ಪುಸ್ತಕಗಳ ವಾಸನೆಯೇ ಬೇರೆ, ಮುಗ್ಗಲು ಇಲ್ಲ, ಒಣ ಕಾಗದದ ಸಿಹಿ ಇದೆ.

ಇದೇ ಅಲ್ವಾ ಬೇಕಾದದ್ದು! ಪ್ರತಿಗಳನ್ನು ಗ್ರೇಡ್ ಪ್ರಕಾರ ಹೊಂದಿಸುವುದು ಬೇಡ. ಒಂದೇ ಸಂಗ್ರಹ ಬಿಡಿಬಿಡಿಯಾಗಿ ಮಾರಾಟವಾಗುವಾಗ, ಒಬ್ಬನೇ ಮಾರಾಟಗಾರ ಒಂದೇ ವಾರದಲ್ಲಿ ಮಾರಿದ 93 ಮತ್ತು 94ನ್ನು ಜೋಡಿ ಮಾಡಬೇಕು. ಒಂದೇ ಡಬ್ಬ, ಒಂದೇ ಕಣ್ಣಿನ ಗ್ರೇಡು, ಒಂದೇ ಕ್ಯಾಮೆರಾ. ಅವನು ಗ್ರೇಡ್ ಉಬ್ಬಿಸಿದರೆ ಎರಡಕ್ಕೂ ಉಬ್ಬಿಸಿರುತ್ತಾನೆ, ಭಾಗಿಸಿದಾಗ ಅದು ಹೊರಟು ಹೋಗುತ್ತೆ. ಜೋಡಿಗಳ ಸಂಖ್ಯೆ ಕಡಿಮೆಯಾಯಿತು ನಿಜ. ಆದರೆ ಗೆರೆ ನೆಟ್ಟಗಾಯಿತು.

ಅದು ಹೇಳುವುದು ಇದು. ಅಗಾಥಾ ಪಾತ್ರ ಮಾಡಿದ ನಟಿ ಕ್ಯಾಥರಿನ್ ಹಾನ್ "ಮೂಗು ತೂರಿಸುವ ನೆರೆಯವಳು" ಆಗುತ್ತಾರೆ ಅಂತ 2019ರ ಆಗಸ್ಟ್‌ನಲ್ಲಿ ಘೋಷಣೆಯಾಯಿತಲ್ಲ, ಆಮೇಲಿನ ಊಹಾಪೋಹದ ಕಾಲದಲ್ಲೇ ಗೆರೆ ತಲೆ ಎತ್ತಿದೆ. ಟ್ರೈಲರ್ ಬಂದಾಗ ಮತ್ತೆ ಏರಿದೆ. ಏಳನೇ ಕಂತಿನ ಆಸುಪಾಸು ತುದಿ. ಅದಾದ ಮೇಲೆ ಇಳಿಜಾರು, ಆದರೆ ಹಳೆಯ ಮಟ್ಟಕ್ಕೆ ಇಳಿದಿಲ್ಲ. 93 ಕೂಡ 2021ರಲ್ಲಿ ಏರಿತ್ತು ಅನ್ನುವುದು ಮುಖ್ಯ. ನಾವು ಅಗಾಥಾಳ ಖಾತೆಗೆ ಬರೆದದ್ದರಲ್ಲಿ ಒಳ್ಳೆಯ ಪಾಲು ಸಂತೆಯದ್ದೇ. 2024ರ ಸೆಪ್ಟೆಂಬರ್‌ನಲ್ಲಿ ಅಗಾಥಾಳಿಗೇ ಸ್ವಂತ ಸರಣಿ ಬಂತು. ಅದಕ್ಕೆ ಮುಂಚೆ ಹೌಸ್ ಆಫ್ ಹಾರ್ಕ್ನೆಸ್, ಕೋವೆನ್ ಆಫ್ ಕೇಯಾಸ್, ಡಾರ್ಕ್‌ಹೋಲ್ಡ್ ಡೈರೀಸ್ ಅಂತ ಹೆಸರು ಬದಲಾಗುತ್ತಲೇ ಇತ್ತು. ನನ್ನ ಗೆರೆ ಆ ಸರಣಿಗೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಕೊಳ್ಳಬೇಕಾದವರು ಆಗಲೇ ಕೊಂಡಾಗಿತ್ತು. ಗುಟ್ಟು ಮೊದಲೇ ಬಯಲಾದ ಪಾತ್ರಕ್ಕೆ ಎರಡನೇ ಸಲ ಜೂಜಾಡುವವರು ಕಡಿಮೆ.

ಇದೇ ವಿಧಾನಕ್ಕೆ ಕಾಯುತ್ತಿರುವ ಇನ್ನೊಂದು ರುಚಿಯಾದ ಪುಸ್ತಕ ಇದೆ: ಸಿಲ್ವರ್ ಸರ್ಫರ್ 3, ಡಿಸೆಂಬರ್ 1968. ಮೆಫಿಸ್ಟೋ ಅನ್ನುವ ಸೈತಾನನಂಥ ಖಳ ಮೊದಲು ಬಂದ ಸಂಚಿಕೆ. ವಾಂಡಾವಿಷನ್ ನಡೆಯುವಾಗ ಪ್ರತಿ ವಾರ "ಈ ಸಲ ಮೆಫಿಸ್ಟೋ ಬರ್ತಾನೆ" ಅಂತ ಜನ ಬಾಜಿ ಕಟ್ಟಿ ಈ ಪುಸ್ತಕ ಕೊಂಡರು. ಒಂಬತ್ತು ಕಂತು ಮುಗಿದವು, ಅವನು ಬರಲಿಲ್ಲ. ಬಂದದ್ದು 2025ರಲ್ಲಿ, ಐರನ್‌ಹಾರ್ಟ್ ಅನ್ನುವ ಸರಣಿಯ ಕೊನೆಯಲ್ಲಿ. ಬರದೇ ಇದ್ದಾಗ ಒಂದು ಏರಿಕೆ, ಬಂದಾಗ ಒಂದು ಪರೀಕ್ಷೆ. ಎರಡನ್ನೂ ಒಂದೇ ಹಾಳೆಯಲ್ಲಿ ನೋಡಬಹುದು. ಜೋಡಿ ಸಂಚಿಕೆ ಯಾವುದು ಅನ್ನುವುದೇ ಕಷ್ಟ. 1 ದುಬಾರಿ. 2ರಲ್ಲಿ ಬಡೂನ್ ಅನ್ನುವ ಅನ್ಯಗ್ರಹದವರು ಮೊದಲು ಬರುತ್ತಾರೆ, ಅದಕ್ಕೂ ತನ್ನದೇ ಬೇಡಿಕೆ. 4ರ ರಕ್ಷಾಪುಟದಲ್ಲಿ ಥಾರ್ ಇದ್ದಾನೆ, ಅದರ ಬೆಲೆ ಕೈಯಲ್ಲಿ ಮುಟ್ಟೋಕಾಗಲ್ಲ. 5 ಅಂತ ತೀರ್ಮಾನಿಸಿದ್ದೇನೆ. ಅದೂ 25 ಸೆಂಟಿನ ದಪ್ಪ ಸಂಚಿಕೆಯೇ.

ಬ್ಯಾಗಿನ ವಿಷಯ ಹೇಳದಿದ್ದರೆ ನಿದ್ದೆ ಬರಲ್ಲ. ಸಿಲ್ವರ್ ಏಜ್ (ಅರವತ್ತರ ದಶಕದ ಆಸುಪಾಸಿನ ಪುಸ್ತಕಗಳ) ಅಳತೆ, ಏಳೂಕಾಲು ಇಂಚಿಗೆ ಒಂದು ನೂಲು (ಇಂಚಿನ ಎಂಟನೇ ಒಂದು ಪಾಲು) ಕಡಿಮೆ, ಅಂತ ಸ್ಪಷ್ಟವಾಗಿ ಬರೆದು ಆರ್ಡರ್ ಮಾಡಿದ್ದೆ. ಬಂದದ್ದು ಈಗಿನ ಪುಸ್ತಕದ ಅಳತೆ. ಫೋನ್ ಮಾಡಿದರೆ "ಎರಡೂ ಒಂದೇ ಸರ್, ಸ್ವಲ್ಪ ಒತ್ತಿ ಹಾಕಿ" ಅಂದ. ಒತ್ತಿ ಹಾಕೋಕೆ ಇದೇನು ಹಪ್ಪಳದ ಡಬ್ಬಿಯಾ? ಜೊತೆಗೆ ಬಂದ, ಪುಸ್ತಕದ ಹಿಂದೆ ಇಡುವ ರಟ್ಟಿನ ಬೋರ್ಡುಗಳು ಆ್ಯಸಿಡ್ ಇಲ್ಲದವು ಅಂತ ಲೇಬಲ್ ಹೇಳುತ್ತೆ. ಆ್ಯಸಿಡ್ ಪರೀಕ್ಷಿಸುವ ಪಿಎಚ್ ಪೆನ್ನು ಎಳೆದರೆ ನೇರಳೆ ಬರಬೇಕಿತ್ತು, ಹಳದಿ ಬಂತು. ಸದ್ಯಕ್ಕೆ 93 ಮತ್ತು 94 ಎರಡೂ ದೊಡ್ಡ ಮ್ಯಾಗಜೀನ್ ಬ್ಯಾಗಿನಲ್ಲಿ ಅಪ್ಪನ ಅಂಗಿ ಹಾಕಿಕೊಂಡ ಮಕ್ಕಳಂತೆ ನಿಂತಿವೆ.

ಇದರ ನಡುವೆ ಮುಂದಿನ ಯೋಜನೆ ತಲೆಗೆ ಹೊಕ್ಕಿದೆ, ಹೊರಗೆ ಹೋಗುತ್ತಿಲ್ಲ. ನಮ್ಮಲ್ಲಿ ಇದೇ ಲೆಕ್ಕ ಹಾಕಿದರೆ ಹೇಗೆ? ಪ್ರಾಣ್ ಅವರ ಚಾಚಾ ಚೌಧರಿ 1971ರಲ್ಲಿ ಹುಟ್ಟಿದ, 2002ರಲ್ಲಿ ರಘುಬೀರ್ ಯಾದವ್ ರೂಪದಲ್ಲಿ ಟಿವಿಗೂ ಬಂದ. ಆದರೆ ನನ್ನನ್ನು ಕಾಡುತ್ತಿರುವುದು ಅಮರ ಚಿತ್ರಕಥೆ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಅದು ಮೊದಲು ಬಂದದ್ದೇ ಕನ್ನಡದಲ್ಲಿ. ಆಮೇಲೆ 1987ರ ಜನವರಿಯಲ್ಲಿ ದೂರದರ್ಶನದ ರಾಮಾಯಣ, 1988ರಲ್ಲಿ ಮಹಾಭಾರತ. ಭಾನುವಾರ ಬೆಳಿಗ್ಗೆ ಬೀದಿ ಖಾಲಿ. ಆದರೆ ಆ ಕಥೆಗಳ ಹಳೆಯ ಚಿತ್ರಕಥೆಗಳನ್ನು ಆಗ ಯಾರಾದರೂ ಜಾಸ್ತಿ ಕೊಟ್ಟು ಕೊಂಡರಾ? ದಾಖಲೆ ಎಲ್ಲಿಂದ ತರುವುದು? ಹಳೆ ಪುಸ್ತಕದವರು ತೂಕದ ಮೇಲೆ ಮಾರಿದ್ದು. ಅದಕ್ಕಿಂತ ಮೊದಲ ಸಮಸ್ಯೆ, ಮರುಮುದ್ರಣಗಳಲ್ಲಿ ಇಸವಿಯೇ ಸಿಗುವುದಿಲ್ಲ. ರಕ್ಷಾಪುಟದ ಬೆಲೆ, ಹಿಂಬದಿಯ ಜಾಹೀರಾತು, ಒಳಗೆ ಕೊಟ್ಟಿರುವ ಪುಸ್ತಕಗಳ ಪಟ್ಟಿ ಎಷ್ಟರ ತನಕ ಇದೆ, ಇವನ್ನೆಲ್ಲ ಸೇರಿಸಿ ಊಹಿಸಬೇಕು. ಮೊದಲು ಆ ಪಟ್ಟಿಗಳನ್ನು ಫೋಟೋ ತೆಗೆದು ಜೋಡಿಸುತ್ತೇನೆ.

ಕನ್ನಡ ಪ್ರತಿಗಳು ಅಟ್ಟದ ಮೇಲೆ ಇರುವವರು ಮಾರುವುದು ಬೇಡ, ಹಿಂಬದಿಯ ರಕ್ಷಾಪುಟ ಮತ್ತು ಬೆಲೆ ಇರುವ ಮೂಲೆಯ ಫೋಟೋ ಸಾಕು. ಹಗಲು ಬೆಳಕಿನಲ್ಲಿ ತೆಗೆಯಿರಿ, ಫ್ಲಾಶ್ ಹಾಕಿದರೆ ಬೆಲೆ ಹೊಳೆದು ಓದೋಕಾಗಲ್ಲ.