ಓಲೆಡ್ ಲ್ಯಾಪ್‌ಟಾಪ್ ಬ್ರೈಟ್‌ನೆಸ್: ಕೊನೆಗೂ ಲಿನಕ್ಸ್ ಮಾತು ಕೇಳ್ತಿದೆ

ಮಂಡ್ಯದ ಗೆಳೆಯನ ಓಲೆಡ್ ಲ್ಯಾಪ್‌ಟಾಪ್ ಈಗ ಸರಸ್ವತಿಪುರಂನಲ್ಲಿ ನಮ್ಮನೇಲಿದೆ. ಡೆಬಿಯನ್ ಲಿನಕ್ಸ್ ಹಾಕಿದೀವಿ, ವೈಫೈ ಸೌಂಡ್ ಟಚ್‌ಪ್ಯಾಡ್ ಎಲ್ಲಾ ಹಾಕಿದ ತಕ್ಷಣ ಸರಿ ಇತ್ತು, ಬ್ರೈಟ್‌ನೆಸ್ ಒಂದು ಬಿಟ್ಟು. ಕೀ ಒತ್ತುದ್ರೆ ಸ್ಲೈಡರ್ ಮೇಲೆ ಕೆಳಗೆ ಹೋಗುತ್ತೆ, ಕರ್ನಲ್ (ಲಿನಕ್ಸ್‌ನ ತಿರುಳು) ಹಾರ್ಡ್‌ವೇರ್ ಸೆಟ್ಟಿಂಗ್‌ಗಳನ್ನ ಫೈಲ್ ತರ ತೋರಿಸೋ ಸಿಸ್‌ಎಫ್‌ಎಸ್‌ನ ಬ್ಯಾಕ್‌ಲೈಟ್ ಫೋಲ್ಡರಲ್ಲಿ ನಂಬರೂ ಬದಲಾಗುತ್ತೆ, ಪರದೆ ಮಾತ್ರ ಫುಲ್ ಬೆಳಕಲ್ಲೇ ಇರುತ್ತೆ. ಅವ್ನು ರಾತ್ರಿ ಕೂತು ಕೆಲ್ಸ ಮಾಡೋನು, "ಕಣ್ಣು ಉರೀತದೆ ಗುರು, ಇದೊಂದು ಆಗ್ನಿಲ್ಲ ಅಂದ್ರೆ ವಿಂಡೋಸೇ ಹಾಕ್ಬುಡು" ಅಂದ. ಇಷ್ಟಕ್ಕೇ ಒಬ್ಬ ಲಿನಕ್ಸ್ ಬಿಟ್ಟು ಹೋಗೋದು ನಂಗೆ ಸುತರಾಂ ಇಷ್ಟ ಇರ್ಲಿಲ್ಲ.

ವಿಷ್ಯ ಏನಪ್ಪಾ ಅಂದ್ರೆ, ಎಲ್‌ಸಿಡಿಲಿ ಪರದೆ ಹಿಂದೆ ಎಲ್‌ಇಡಿ ದೀಪ ಇರುತ್ತೆ, ಗ್ರಾಫಿಕ್ಸ್ ಕಡೆಯಿಂದ ಪಿಡಬ್ಲ್ಯೂಎಂ ಸಿಗ್ನಲ್ ಹೋಗಿ ಆ ದೀಪಾನ ಸರಸರ ಆನ್ ಆಫ್ ಮಾಡಿ ಬೆಳಕು ಕಮ್ಮಿ ಜಾಸ್ತಿ ಮಾಡುತ್ತೆ. ಓಲೆಡಲ್ಲಿ ಹಿಂದೆ ದೀಪಾನೇ ಇಲ್ಲ, ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುತ್ತೆ, ಎಷ್ಟು ಬೆಳಗ್ಬೇಕು ಅಂತ ಪ್ಯಾನೆಲ್ ಒಳಗಿನ ಚಿಪ್‌ಗೆ ಹೇಳ್ಬೇಕು, ಹೇಳೋ ದಾರಿ ಪರದೆಗೆ ಚಿತ್ರ ಒಯ್ಯೋ ಇಡಿಪಿ ಕೇಬಲ್ಲಲ್ಲೇ ಇರೋ ಆಕ್ಸ್ ಅನ್ನೋ ಪಕ್ಕದ ಚಾನೆಲ್. ಇಲ್ಲಿ ಇಂಟೆಲ್ ಗ್ರಾಫಿಕ್ಸ್‌ನ ಐ915 ಡ್ರೈವರ್ ಪಿಡಬ್ಲ್ಯೂಎಂ ದಾರೀಲೇ ಹೋಗ್ತಿತ್ತು. ವೈರೇ ಎಳೀದಿರೋ ಬಲ್ಬಿಗೆ ಸ್ವಿಚ್ ಒತ್ತಿದ ಹಾಗೆ.

ಆಕ್ಸ್ ಮೂಲಕ ಪ್ಯಾನೆಲ್‌ನ ಡಿಪಿಸಿಡಿ ರಿಜಿಸ್ಟರ್‌ಗಳನ್ನ (ಪ್ಯಾನೆಲ್ ತನ್ನ ಸೆಟ್ಟಿಂಗ್ ಇಟ್ಕೊಳ್ಳೋ, ನಂಬರ್ ಇರೋ ಖಾನೆಗಳು) ಕೈಯಾರೆ ಓದಬಹುದು ಬರೀಬಹುದು, ಕರ್ನಲ್ಲಲ್ಲಿ ಆಕ್ಸ್ ಡಿವೈಸ್ ಫೈಲ್ ಆಪ್ಷನ್ ಆನ್ ಇದ್ರೆ ಸಾಕು. ಮೊದ್ಲು ಡಿಸ್‌ಪ್ಲೇ ಸ್ಟ್ಯಾಂಡರ್ಡ್ ಮಾಡೋ ವೆಸಾ ಸಂಸ್ಥೆಯ ದಾರಿ ನೋಡ್ದೆ, ಹೆಕ್ಸ್ (16ರ ಲೆಕ್ಕದ) 721ನೇ ಖಾನೆಯ ಕೊನೇ ಎರಡು ಬಿಟ್ ಬೆಳಕಿನ ಕಂಟ್ರೋಲ್ ಯಾರ ಕೈಲಿದೆ ಅಂತ ಹೇಳುತ್ತೆ, 722 ಮತ್ತು 723ರಲ್ಲಿ ಬೆಳಕಿನ ಬೆಲೆ. ಬರೆದ್ರೂ ಪರದೆ ಅಲ್ಲಾಡ್ಲಿಲ್ಲ. ಆಮೇಲೆ ಹೆಕ್ಸ್ 340 ಓದಿದ್ರೆ ಉತ್ತರ ಬಂತು! ಅದು ಇಂಟೆಲ್ ತಾನೇ ಮಾಡಿರೋ ಎಚ್‌ಡಿಆರ್ ಬ್ಯಾಕ್‌ಲೈಟ್ ಇಂಟರ್‌ಫೇಸ್, ಅದ್ರಲ್ಲಿ 354ರಿಂದ ನಿಟ್ಸ್ (ಬೆಳಕಿನ ಅಳತೆ) ಲೆಕ್ಕದಲ್ಲೇ ಬೆಳಕು ಬರೀತಾರೆ. ಲಿನಕ್ಸಲ್ಲಿ ಇದಕ್ಕೆ ಸಪೋರ್ಟ್ 2021ರ 5.12 ಕರ್ನಲ್‌ನಿಂದಾನೇ ಇದೆ.

ಹಂಗಾದ್ರೆ ಡ್ರೈವರ್ ಯಾಕೆ ಬಳಸ್ಲಿಲ್ಲ? ಕರ್ನಲ್ ಲಾಗ್ ತೋರಿಸೋ ಡಿಮೆಸೇಜಲ್ಲೇ ಉತ್ತರ ಇದೆ, ಈ ಪ್ಯಾನೆಲ್‌ನ ಇಡಿಐಡಿಲಿ (ಪ್ಯಾನೆಲ್ ತನ್ನ ಬಗ್ಗೆ ಕೊಡೋ ವಿವರ) ಎಚ್‌ಡಿಆರ್ ಮೆಟಾಡೇಟಾ ಇಲ್ಲ. ಅದಿಲ್ದೇ ಎಷ್ಟು ನಿಟ್ಸ್‌ವರೆಗೂ ಹೋಗ್ಬಹುದು ಅಂತ ಡ್ರೈವರ್‌ಗೆ ಗೊತ್ತಾಗಲ್ಲ, ಅದಕ್ಕೇ ಮುಟ್ಟಲ್ಲ, ಬೇಕಾದ್ರೆ ಎನೇಬಲ್ ಡಿಪಿಸಿಡಿ ಬ್ಯಾಕ್‌ಲೈಟ್ ಅನ್ನೋ ಪ್ಯಾರಾಮೀಟರ್‌ಗೆ 3 ಕೊಟ್ಟು ಬೂಟ್ ಮಾಡಿ ನೋಡಿ ಅಂತಾನೂ ಅದೇ ಹೇಳುತ್ತೆ. ಬೂಟ್ ಮಾಡಿಸೋ ಗ್ರಬ್‌ನ ಫೈಲಲ್ಲಿ ಅದನ್ನ ಹಾಕ್ದೆ. ರೀಬೂಟ್ ಆದ್ಮೇಲೆ ಬ್ಯಾಕ್‌ಲೈಟ್ ಫೋಲ್ಡರಲ್ಲಿ ಬ್ರೈಟ್‌ನೆಸ್‌ನ ಮ್ಯಾಕ್ಸಿಮಮ್ 96000 ಇದ್ದದ್ದು 512 ಆಗಿತ್ತು, ಕೀ ಒತ್ತಿದ ತಕ್ಷಣ ಪರದೆ ಇಳೀತು, ಎಷ್ಟು ಖುಷಿ ಆಯ್ತು ಅಂದ್ರೆ ಆ ರಾತ್ರೀನೇ ಅವ್ನಿಗೆ ವಿಡಿಯೋ ಕಳಿಸ್ದೆ. ಶಟ್‌ಡೌನ್ ಮಾಡುವಾಗಿದ್ದ ಲೆವೆಲ್ ಕೂಡ ಸಿಸ್ಟಮ್‌ಡಿ ನೆನಪಿಟ್ಕೊಂಡು ವಾಪಸ್ ತರ್ತಿದೆ. ಎಎಂಡಿ ಮೆಷಿನ್ ಇರೋರಿಗೆ ಇದು ಬೇಡ, ಎಎಂಡಿಜಿಪಿಯು ಡ್ರೈವರ್‌ನ ಬ್ಯಾಕ್‌ಲೈಟ್ ಪ್ಯಾರಾಮೀಟರ್‌ಗೆ 1 ಕೊಟ್ರೆ ಆಕ್ಸ್ ದಾರಿ ಹಿಡಿಯುತ್ತೆ.

ಎಕ್ಸ್‌ರ್ಯಾಂಡರ್ ಅನ್ನೋ ಪರದೆ ಸೆಟ್ಟಿಂಗ್ ಕಮಾಂಡಲ್ಲಿ ಬ್ರೈಟ್‌ನೆಸ್ 0.5 ಹಾಕ್ಕೊಂಡು ಬಿಟ್ಬಿಡಿ ಅಂತ ಸುಮಾರು ಜನ ಹೇಳ್ತಾರೆ, ನಾನು ಒಪ್ಪಲ್ಲ. ಓಲೆಡಲ್ಲಿ ಅದ್ರಿಂದ ಬೆಳಕು ನಿಜವಾಗ್ಲೂ ಕಮ್ಮಿ ಆಗುತ್ತೆ, ಪಿಕ್ಸೆಲ್ಲೇ ದೀಪ ಆಗಿರೋದ್ರಿಂದ, ಆದ್ರೆ ಬಣ್ಣದ 256 ಮೆಟ್ಟಿಲಲ್ಲಿ ಹೆಚ್ಚುಕಮ್ಮಿ ಅರ್ಧ ಹೊರಟೋಗಿ ಫೋಟೋದಲ್ಲಿ ಆಕಾಶ ಪಟ್ಟೆ ಪಟ್ಟೆ ಕಾಣುತ್ತೆ, ಹೊಸ ಡಿಸ್‌ಪ್ಲೇ ವ್ಯವಸ್ಥೆ ವೇಲ್ಯಾಂಡಲ್ಲಂತೂ ಕೆಲ್ಸಾನೇ ಮಾಡಲ್ಲ.

ಒಂದು ಕೆಲ್ಸ ಇನ್ನೂ ಬಾಕಿ. ತುಂಬಾ ಕೆಳಗಿನ ಲೆವೆಲಲ್ಲಿ ಪ್ಯಾನೆಲ್ ತಾನೇ ಮಿನುಗೋಕೆ ಶುರು ಮಾಡುತ್ತೆ, ಫೋನ್ ಕ್ಯಾಮೆರಾ ಹಿಡಿದ್ರೆ ಕಪ್ಪು ಪಟ್ಟೆ ಓಡೋದು ಕಾಣುತ್ತೆ, ಕೆಲವ್ರಿಗೆ ಇದ್ರಿಂದ ತಲೆನೋವು ಬರುತ್ತೆ. ಆ ಮಟ್ಟಕ್ಕಿಂತ ಕೆಳಗೆ ಹಾರ್ಡ್‌ವೇರ್ ಇಳಿಸ್ದೆ ಅಲ್ಲಿಂದ ಮುಂದಕ್ಕೆ ಮಾತ್ರ ಗಾಮಾ (ಬಣ್ಣದ ಬೆಲೆ) ಕಮ್ಮಿ ಮಾಡೋ ಸ್ಕ್ರಿಪ್ಟ್ ಬರೀತಿದೀನಿ, ಗೆಳೆಯನ ಕೈಗೆ ಲ್ಯಾಪ್‌ಟಾಪ್ ಕೊಡೋ ಮುಂಚೆ ಇದೂ ಮುಗೀಬೇಕು. ಮೈಸೂರು ಮಂಡ್ಯ ಕಡೆ ಯಾರ ಹತ್ರಾದ್ರೂ ಓಲೆಡ್ ಇದ್ರೆ 340 ಓದಿ ಏನ್ ಬರುತ್ತೆ ಹೇಳಿ, ಡಿಮೆಸೇಜ್ ಜೊತೆಗೆ ಕರ್ನಲ್‌ನೋರಿಗೆ ಬಗ್ ರಿಪೋರ್ಟ್ ಹಾಕೋಣ.