ಡ್ರೈವರ್ ಬೇಡದ ಇಂಟರ್‌ಫೇಸೇ ವಾಸಿ

ಹ್ಯಾಂಡ್‌ಹೆಲ್ಡ್ ಕಂಪ್ಯೂಟರಿಗೆ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕ್, ವಾದ್ಯಗಳ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಕೊಳ್ಳುವವರು ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ರಿಆಂಪ್ ನೋಡುವ ಮೊದಲು ಅದು ‘ಕ್ಲಾಸ್ ಕಂಪ್ಲಯಂಟ್’ (ಯುಎಸ್‌ಬಿ ಆಡಿಯೊದ ಸಾಮಾನ್ಯ ನಿಯಮಕ್ಕೆ ಹೊಂದುವಂಥದ್ದು) ಹೌದೋ ಅಲ್ಲವೋ ನೋಡಬೇಕು. ಹೌದಾದರೆ ಲಿನಕ್ಸ್, ಆಂಡ್ರಾಯ್ಡ್, ಐಪ್ಯಾಡ್‌ಗಳಲ್ಲಿ ಸಿಸ್ಟಮ್‌ನ ಸ್ವಂತ ಡ್ರೈವರೇ ಸಾಕು. ವಿಂಡೋಸ್‌ನಲ್ಲಿ ಆ ನಿಯಮದ ಎರಡನೆಯ ಆವೃತ್ತಿಯಾದ ಆಡಿಯೊ ಕ್ಲಾಸ್ 2ಕ್ಕೆ ಈ ಸೌಲಭ್ಯ ಬಂದದ್ದು 2017ರಲ್ಲಿ, ವಿಂಡೋಸ್ 10ರ 1703 ಆವೃತ್ತಿಯಿಂದ.

ಎಆರ್‌ಎಂ ಚಿಪ್ಪಿನ ವಿಂಡೋಸ್ ಯಂತ್ರಗಳಲ್ಲಿ ಎಡವುವವರೇ ಹೆಚ್ಚು. ಇಂಟೆಲ್‌ಗೆ ಬರೆದ ಆ್ಯಪ್ ಎಮ್ಯುಲೇಶನ್‌ನಲ್ಲಿ ಓಡುತ್ತದೆ, ಆದರೆ ಸಿಸ್ಟಮ್‌ನ ತಿರುಳಿನಲ್ಲಿ ಕೆಲಸ ಮಾಡುವ ಕರ್ನಲ್ ಡ್ರೈವರ್ ಓಡುವುದಿಲ್ಲ. ಕಂಪನಿ ಎಆರ್‌ಎಂ64 ಡ್ರೈವರ್ ಕೊಡದಿದ್ದರೆ ಸದ್ದಿನ ವಿಳಂಬ ತಗ್ಗಿಸುವ ಅವರ ಏಸಿಯೊ ಡ್ರೈವರ್ ಆಸೆ ಬಿಡಿ. ಲಿನಕ್ಸ್ ಆಧಾರಿತ ಗೇಮಿಂಗ್ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್‌ನಲ್ಲಿ ತೊಡಕು ಬೇರೆ: ಸ್ಟೀಮ್‌ಓಎಸ್‌ನ ಮೂಲ ವಿಭಾಗ ರೀಡ್-ಓನ್ಲಿ. ಅದನ್ನು ತೆರೆದು ಹಾಕಿದ ಡ್ರೈವರ್ ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋಗುತ್ತದೆ.

ಕೆಲವು ಮಾದರಿಗಳಲ್ಲಿ ಕ್ಲಾಸ್ ಕಂಪ್ಲಯಂಟ್ ಒಂದು ಪ್ರತ್ಯೇಕ ಮೋಡ್. ಆರ್‌ಎಂಇ ಬೇಬಿಫೇಸ್ ಪ್ರೊ ಹಾಗೆ. ಇನ್ನೊಂದು ಮಾತು: ಸದ್ದು ಬಂದ ಮಾತ್ರಕ್ಕೆ ಕಂಟ್ರೋಲ್ ಪ್ಯಾನೆಲ್ ಬರುವುದಿಲ್ಲ. ಗೇನ್ (ಮೈಕ್ ಸದ್ದಿನ ಮಟ್ಟ), ಫ್ಯಾಂಟಮ್ ಪವರ್ (ಕೆಲವು ಮೈಕ್‌ಗಳಿಗೆ ಕೇಬಲ್ ಮೂಲಕವೇ ಹೋಗುವ ವಿದ್ಯುತ್) ಎರಡಕ್ಕೂ ಪೆಟ್ಟಿಗೆಯ ಮೇಲೇ ಗುಂಡಿ ಇರಲಿ.

ಹಳೆಯ ಕ್ಲಾಸ್ 1 ಸಾಧನಗಳು ಸಾಮಾನ್ಯವಾಗಿ ಫುಲ್ ಸ್ಪೀಡ್‌ನವು (ಹೆಸರು ಹೀಗಿದ್ದರೂ ಅದು ಯುಎಸ್‌ಬಿಯ ಹಳೆಯ, ನಿಧಾನದ ವೇಗ). ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಹೆಚ್ಚೆಂದರೆ 1023 ಬೈಟ್. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಒಂದು ಚಾನೆಲ್ಲೇ 288 ಬೈಟ್ ತಿನ್ನುತ್ತದೆ. ನಾಲ್ಕನೆಯದಕ್ಕೆ ಜಾಗವೇ ಇಲ್ಲ.

‘ಡ್ರೈವರ್ ಸರಿಯಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಕರೆಂಟಿನ ಕೊರತೆ. ಯುಎಸ್‌ಬಿ 2ರ ಲೆಕ್ಕ 500 ಮಿಲಿಆಂಪ್. 48 ವೋಲ್ಟ್ ಫ್ಯಾಂಟಮ್‌ನಲ್ಲಿ ಒಂದು ಮೈಕ್ 10 ಮಿಲಿಆಂಪ್‌ವರೆಗೆ ಎಳೆಯಬಹುದು. ಯುಎಸ್‌ಬಿಯ 5 ವೋಲ್ಟ್ ಕಡೆಯಿಂದ ನೋಡಿದರೆ ಅದೇ ಸುಮಾರು 100 ಮಿಲಿಆಂಪ್, ಪರಿವರ್ತನೆಯ ನಷ್ಟ ಬೇರೆ. ಫ್ಯಾಂಟಮ್ ಗುಂಡಿ ಒತ್ತಿದೊಡನೆ ಸಾಧನ ಮಾಯವಾಗಿ ಮತ್ತೆ ಪ್ರತ್ಯಕ್ಷವಾದರೆ ಕಾರಣ ಹೆಚ್ಚಾಗಿ ಇದೇ. ಸ್ವಂತ ಅಡಾಪ್ಟರ್ ಇರುವ ಹಬ್ ಹಾಕಿ. ಒಂದೇ ಟೈಪ್-ಸಿ ಪೋರ್ಟ್ ಇದ್ದರೆ ಚಾರ್ಜರನ್ನು ಮೊದಲೇ ಸಿಕ್ಕಿಸಿ, ಆಮೇಲೆ ರೆಕಾರ್ಡ್ ಒತ್ತಿ. ನಡುವೆ ಚಾರ್ಜರ್ ಕಿತ್ತರೆ ಎಷ್ಟೋ ಹಬ್‌ಗಳು ಪವರ್ ಒಪ್ಪಂದವನ್ನು ಹೊಸದಾಗಿ ಮಾಡಿಕೊಳ್ಳುವ ಭರದಲ್ಲಿ ಡೇಟಾ ಕಡಿದುಬಿಡುತ್ತವೆ.

ಲಿನಕ್ಸ್‌ನಲ್ಲಿ ಸಾಧನ ಕಾಣುತ್ತಿದ್ದೂ ಎರಡೇ ಚಾನೆಲ್ ಬಂದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಫೈಲನ್ನು ‘ಪ್ರೊ ಆಡಿಯೊ’ಗೆ ಬದಲಿಸಿ. ಬಫರ್ (ಒಮ್ಮೆಗೆ ಸಂಸ್ಕರಿಸುವ ಸದ್ದಿನ ಸ್ಯಾಂಪಲ್‌ಗಳ ಸಂಖ್ಯೆ) 256ರಿಂದ ಶುರು ಮಾಡಿ: 48 ಕಿಲೋಹರ್ಟ್ಸ್‌ನಲ್ಲಿ ಅದು 5.3 ಮಿಲಿಸೆಕೆಂಡ್. ಪಟಪಟ ಸದ್ದಿಲ್ಲದಿದ್ದರೆ 128ಕ್ಕೆ ಇಳಿಸಿ. ಬ್ಯಾಟರಿ ಉಳಿತಾಯದ ಮೋಡ್ ಆನ್ ಇಟ್ಟುಕೊಂಡು ಇದನ್ನು ಪರೀಕ್ಷಿಸುವುದು ವ್ಯರ್ಥ.